ರೂಬ್ರಿಕ್: ಅಂಕಪಟ್ಟಿಯ ಹೊಸ ವೇಷವೇ?

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಬೆಳಿಗ್ಗೆ ಒಂದೇ ರಸ್ತೆಯಲ್ಲಿ ಎರಡು ಬಗೆಯ ಮಕ್ಕಳು ಶಾಲೆಗೆ ಹೊರಡುತ್ತಾರೆ. ಅಪಾರ್ಟ್‌ಮೆಂಟುಗಳಿಂದ ಐಟಿ ಉದ್ಯೋಗಿಗಳ ಮಕ್ಕಳು ಹಳದಿ ಬಸ್ಸು ಹತ್ತುತ್ತಾರೆ. ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು ತಗಡಿನ ಶೆಡ್ಡುಗಳಿಂದ ಸರಕಾರಿ ಶಾಲೆಗೆ ನಡೆದು ಹೋಗುತ್ತಾರೆ. ಇವರಿಬ್ಬರನ್ನೂ ಒಂದೇ ಬಗೆಯ ಅಳತೆಗೋಲಿನಿಂದ ಅಳೆಯುವ ಕ್ರಮವೊಂದು ನಮ್ಮ ಶಿಕ್ಷಣ ರಂಗದಲ್ಲಿ ಬೇರೂರುತ್ತಿದೆ. ಅದರ ಹೆಸರು ರೂಬ್ರಿಕ್.

ರೂಬ್ರಿಕ್ ಎಂದರೆ ಒಂದು ಕೋಷ್ಟಕ. ಉದಾಹರಣೆಗೆ, ಮಗು ಒಂದು ಕತೆ ಬರೆಯಬೇಕು. ಕತೆಗೆ ಆರಂಭ, ಬೆಳವಣಿಗೆ, ಮುಕ್ತಾಯ ಇದೆಯೇ, ಪದಗಳ ಬಳಕೆ ಹೇಗಿದೆ, ವಾಕ್ಯಗಳು ಸರಿಯಾಗಿವೆಯೇ ಎಂಬ ಅಂಶಗಳು ಒಂದು ಬದಿಯಲ್ಲಿರುತ್ತವೆ. ಪ್ರತಿ ಅಂಶಕ್ಕೂ ಮೂರೋ ನಾಲ್ಕೋ ಹಂತಗಳು, ಪ್ರತಿ ಹಂತಕ್ಕೂ ಒಂದು ವಿವರಣೆ. ಲ್ಯಾಟಿನ್ ಮೂಲದ ಈ ಪದಕ್ಕೆ ಕೆಂಪು ಬಣ್ಣದೊಂದಿಗೆ ನಂಟಿದೆ. ಹಳೆಯ ಹಸ್ತಪ್ರತಿಗಳಲ್ಲಿ ಶೀರ್ಷಿಕೆ ಮತ್ತು ಸೂಚನೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದರಿಂದ ಈ ಹೆಸರು ಬಂತು.

ಈ ಪದ್ಧತಿಯಲ್ಲಿ ಒಳಿತಿದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಹತ್ತಕ್ಕೆ ಆರು ಅಂಕ ಎಂದರೆ ಮಗುವಿಗೆ ಏನು ತಿಳಿಯುತ್ತದೆ? ಕಳೆದುಕೊಂಡ ನಾಲ್ಕು ಅಂಕ ಎಲ್ಲಿ ಹೋಯಿತೆಂದು ಅದು ಹೇಳುವುದಿಲ್ಲ. ರೂಬ್ರಿಕ್ ಹೇಳುತ್ತದೆ. ಅಷ್ಟೇ ಅಲ್ಲ, ಮಗುವನ್ನು ಪಕ್ಕದ ಮಗುವಿನೊಂದಿಗೆ ಹೋಲಿಸದೆ, ಕಲಿಯಬೇಕಾದ ಸಂಗತಿಯೊಂದಿಗೆ ಹೋಲಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಗ್ಲೇಸರ್ 1963ರಲ್ಲೇ ಎತ್ತಿ ತೋರಿಸಿದ್ದರು. ನಮ್ಮದೇ ರಾಜ್ಯದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿಯ ಕಲಿಕಾ ಏಣಿಯಲ್ಲೂ ಇದೇ ತತ್ವವಿತ್ತು. ಅಲ್ಲಿ ಮಗು ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಮೇಲೇರುತ್ತದೆ.

ಹಾಗಾದರೆ ಆಕ್ಷೇಪವೇನು? ಕೋಷ್ಟಕದಲ್ಲಿ ತುಂಬುವ ಪದಗಳ ಬಗ್ಗೆ ನಮ್ಮ ಆಕ್ಷೇಪವಿದೆ. 'ಆಕರ್ಷಕ ಪ್ರಸ್ತುತಿ', 'ಆತ್ಮವಿಶ್ವಾಸದ ಮಾತು', 'ನಿರರ್ಗಳ ಭಾಷೆ', 'ಸೃಜನಶೀಲತೆ' ಇವು ಇಂತಹ ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಶಗಳು. ಮನೆಯಲ್ಲಿ ಪ್ರಿಂಟರ್ ಇರುವ ಮಗುವಿನ ಪ್ರಾಜೆಕ್ಟ್ ಆಕರ್ಷಕವಾಗಿಯೇ ಇರುತ್ತದೆ. ಅದರಲ್ಲಿ ಮಗುವಿನ ಪಾಲೆಷ್ಟು, ತಂದೆಯ ಪಾಲೆಷ್ಟು ಎಂದು ಯಾವ ಕೋಷ್ಟಕವೂ ಕೇಳುವುದಿಲ್ಲ. ಇನ್ನೊಂದು ಕಡೆ ಉರ್ದು ಅಥವಾ ಲಂಬಾಣಿ ಮನೆಮಾತಿನ ಹುಡುಗಿಯೊಬ್ಬಳು ನೀರು ಆವಿಯಾಗಿ ಮೋಡವಾಗುವ ಬಗೆಯನ್ನು ತಡವರಿಸುತ್ತಾ, ಎರಡು ಭಾಷೆ ಬೆರೆಸಿ, ಆದರೆ ಸರಿಯಾಗಿಯೇ ವಿವರಿಸುತ್ತಾಳೆ ಎಂದುಕೊಳ್ಳೋಣ. 'ಸುಧಾರಣೆ ಅಗತ್ಯ' ಎಂದು ಗುರುತು ಬೀಳುತ್ತದೆ. ಅಳೆದದ್ದು ವಿಜ್ಞಾನವನ್ನೋ, ಆಕೆಯ ಮನೆಯನ್ನೋ? ಹಿಂದೆ ಅಂಕ ಕಡಿಮೆ ಬಂದರೆ ಪಾಠ ಬರಲಿಲ್ಲ ಎಂದಷ್ಟೇ ಅರ್ಥವಿತ್ತು. ಈಗ 'ಆತ್ಮವಿಶ್ವಾಸ ಕಡಿಮೆ' ಎಂದು ಬರೆದು ಕಳುಹಿಸಿದರೆ, ಮಗು ಅದನ್ನು ತನ್ನ ಸ್ವಭಾವದ ಕುರಿತ ತೀರ್ಪೆಂದೇ ತಿಳಿಯುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ನಿರಂತರ ಮತ್ತು ಸಮಗ್ರ ಮೌಲ್ಯಮಾಪನದ ಬಗ್ಗೆ ಹೇಳುತ್ತದೆ. ಅದೇ ಕಲಮು ಮಗುವನ್ನು ಭಯ, ಆತಂಕಗಳಿಂದ ಮುಕ್ತಗೊಳಿಸಬೇಕೆಂದೂ, ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕೆಂದೂ ಹೇಳುತ್ತದೆ. ನಾವು ಮೊದಲನೆಯದನ್ನು ಫಾರಂ ಮಾಡಿ ತುಂಬುತ್ತಾ, ಉಳಿದೆರಡನ್ನು ಮರೆತಿದ್ದೇವೆ. ಸಿಬಿಎಸ್‌ಇ 2009ರಲ್ಲಿ ಇಂತಹ ಮೌಲ್ಯಮಾಪನವನ್ನು ಉತ್ಸಾಹದಿಂದ ತಂದು, 2017ರಲ್ಲಿ ಕೈಬಿಟ್ಟಿತು. ತುಂಬಿದ ತರಗತಿಯಲ್ಲಿ ಒಬ್ಬ ಶಿಕ್ಷಕಿ ಪ್ರತಿ ಮಗುವಿಗೂ ಹತ್ತಾರು ಚೌಕ ತುಂಬಬೇಕಾದಾಗ ಆಕೆ ಮಗುವನ್ನು ನೋಡುವುದನ್ನು ಬಿಟ್ಟು ಚೌಕವನ್ನೇ ನೋಡುತ್ತಾಳೆ. ತಪ್ಪು ಆಕೆಯದ್ದಲ್ಲ.

ಹೋಲಿಕೆಗಾಗಿ ನಮ್ಮ ಮದ್ರಸಗಳತ್ತ ನೋಡೋಣ. ಕುರ್‌ಆನ್ ಪಠಣದ ನಿಯಮಶಾಸ್ತ್ರವಾದ ತಜ್‌ವೀದ್ ತಪ್ಪುಗಳನ್ನು ಎರಡಾಗಿ ವಿಂಗಡಿಸುತ್ತದೆ. ಅಕ್ಷರವನ್ನೋ ಸ್ವರವನ್ನೋ ಬದಲಿಸಿ ಅರ್ಥವನ್ನೂ ಕೆಡಿಸಬಲ್ಲ ತಪ್ಪು 'ಲಹ್ನ್ ಜಲಿ', ಪಳಗಿದ ಕಿವಿಗೆ ಮಾತ್ರ ಗೊತ್ತಾಗುವ ಸೂಕ್ಷ್ಮ ತಪ್ಪು 'ಲಹ್ನ್ ಖಫಿ'. ಇದೂ ಒಂದು ಬಗೆಯ ರೂಬ್ರಿಕ್ ತಾನೇ? ಮಾನದಂಡ ಮೊದಲೇ ಗೊತ್ತು. ಬಡವನ ಮಗನಿಗೂ ಶ್ರೀಮಂತನ ಮಗನಿಗೂ ಅದು ಒಂದೇ. ಉಸ್ತಾದರು ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾರೆ, ತಪ್ಪನ್ನು ಆಗಲೇ ತಿದ್ದುತ್ತಾರೆ, ಸರಿಯಾಗುವವರೆಗೆ ಮುಂದಿನ ಪಾಠವಿಲ್ಲ. ಆದರೆ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವಂತಿಲ್ಲ. ಇದೇ ಪಾಠದ ಜೊತೆಗೆ ಬೆತ್ತವೂ ಇತ್ತು, ಎಷ್ಟೋ ಮಕ್ಕಳು ಬೆತ್ತಕ್ಕೆ ಹೆದರಿ ಓದನ್ನೇ ಬಿಟ್ಟರು. ಓದಿದ್ದರ ಅರ್ಥ ಮಗುವಿಗೆ ಎಷ್ಟು ತಿಳಿಯಿತೆಂದು ಕೇಳುವ ರೂಢಿಯೂ ಕಡಿಮೆ. ಮಾನದಂಡ ಎಷ್ಟೇ ಸ್ಪಷ್ಟವಾಗಿರಲಿ, ಅದನ್ನು ಹಿಡಿದ ಕೈಯಲ್ಲಿ ಕರುಣೆ ಇಲ್ಲದಿದ್ದರೆ ಫಲವಿಲ್ಲ.

ಬ್ರೂಕ್‌ಫೀಲ್ಡ್‌ನ ಹೆತ್ತವರಿಗೂ ಒಂದು ಮಾತು. ಕಂಪೆನಿಗಳಲ್ಲಿ ವರ್ಷಕ್ಕೊಮ್ಮೆ ಸಿಗುವ ರೇಟಿಂಗ್ ಮನುಷ್ಯನನ್ನು ಎಷ್ಟು ಕುಗ್ಗಿಸಬಲ್ಲದೆಂದು ಅವರಿಗೆ ಗೊತ್ತು. ಸಿಬ್ಬಂದಿಯನ್ನು ಪರಸ್ಪರ ಹೋಲಿಸಿ ಶ್ರೇಣಿ ನೀಡುವ ಕ್ರಮವನ್ನು ಮೈಕ್ರೋಸಾಫ್ಟ್ ಕೂಡ 2013ರಲ್ಲಿ ಕೈಬಿಟ್ಟಿತು. ಆದರೂ ಪೋಷಕರ ಸಭೆಯಲ್ಲಿ ರೂಬ್ರಿಕ್ ಹಾಳೆ ಕೈಗೆ ಬಂದೊಡನೆ ಕೇಳುವ ಮೊದಲ ಪ್ರಶ್ನೆ, 'ನಮ್ಮ ಮಗು ತರಗತಿಯಲ್ಲಿ ಎಷ್ಟನೆಯದು?' ಶಾಲೆಗಳು ಚೌಕಗಳನ್ನು ಮತ್ತೆ ಅಂಕವಾಗಿ ಪರಿವರ್ತಿಸುವುದಕ್ಕೆ ಈ ಪ್ರಶ್ನೆಯೂ ಕಾರಣ.

ರೂಬ್ರಿಕ್ ಬೇಡವೆಂದು ನಾವು ಹೇಳುವುದಿಲ್ಲ. ಅದು ಕೆಲಸಕ್ಕೆ ಮೊದಲೇ ಮಗುವಿನ ಕೈ ಸೇರಲಿ, ಮಗುವಿಗೆ ತಿಳಿಯುವ ಭಾಷೆಯಲ್ಲಿರಲಿ. ಶಾಲೆ ಕಲಿಸಿದ್ದನ್ನು ಮಾತ್ರ ಅಳೆಯಲಿ, ಮನೆಯಿಂದ ತಂದದ್ದನ್ನಲ್ಲ. ವಿಜ್ಞಾನದ ಕೋಷ್ಟಕದಲ್ಲಿ ಭಾಷೆಗೆ ಅಂಕ ಕಡಿತವಾಗದಿರಲಿ. ಗುರುತು ಹಾಕಿದ ಮೇಲೆ ತಿದ್ದಿ ಮತ್ತೆ ಬರೆಯುವ ಅವಕಾಶ ಸಿಗಲಿ. ಒಂದು ದಿನದ ಕೂಲಿ ಬಿಟ್ಟು ಪೋಷಕರ ಸಭೆಗೆ ಬರುವ ತಾಯಿಗೆ ಆ ಹಾಳೆಯನ್ನು ಯಾರಾದರೂ ಓದಿ ಹೇಳಲಿ. ಅಷ್ಟಾದರೂ ಮಾಡದೆ ಕೋಷ್ಟಕಗಳನ್ನು ಮುದ್ರಿಸುತ್ತಾ ಹೋದರೆ, ತಗಡಿನ ಶೆಡ್ಡಿನ ಮಗುವಿಗೆ ಹೊಸ ಪದ್ಧತಿಯಿಂದ ಸಿಗುವುದು ಹಳೆಯ ಫಲಿತಾಂಶವೇ.