ತಾಂಬೂಲವೂ ತಾಮ್ರಪಟವೂ

ಆಚಾರವನ್ನು ಬಿಗಿಹಿಡಿದ ಧರ್ಮಗಳು ನೆರೆಯವರೊಡನೆ ಕಲಹಕ್ಕೆ ನಿಲ್ಲುವವೆಂದೂ, ಆಚಾರವನ್ನು ಸಡಿಲಬಿಟ್ಟ ನವೀನ ಧರ್ಮವು ಎಲ್ಲರೊಡನೆ ಸುಖವಾಗಿ ಬಾಳಬಲ್ಲದೆಂದೂ ಸುಶಿಕ್ಷಿತರಲ್ಲಿ ಒಂದು ನಂಬಿಗೆಯುಂಟು. ಉಣ್ಣುವದರಲ್ಲಿ ನಿರ್ಬಂಧವಿಲ್ಲ, ಉಡುವದರಲ್ಲಿ ನಿರ್ಬಂಧವಿಲ್ಲ, ಇಂಥ ದೇವರನ್ನೇ ಪೂಜಿಸಬೇಕೆಂಬ ಹಟವೂ ಇಲ್ಲ. ಅಂದಮೇಲೆ ಜಗಳಕ್ಕೆ ಆಸ್ಪದವೆಲ್ಲಿಯದು ಎಂದು ಅವರು ಕೇಳುವರು. ವಾದವು ಕಿವಿಗೆ ಇಂಪಾಗಿಯೇ ಇದೆ. ಆದರೆ ಅದು ಒಂದೇ ಕಡೆಯ ಲೆಕ್ಕವು. ಸಡಿಲ ಧರ್ಮದವನಿಗೆ ಏನೇನು ಬೇಕಾಗಿಲ್ಲವೆಂಬದನ್ನು ಅದು ಎಣಿಸುವದೇ ಹೊರತು, ನೆರೆಯವನಿಗೆ ಏನು ಬೇಕಾಗಿದೆಯೆಂಬದನ್ನು ವಿಚಾರಿಸುವದಿಲ್ಲ. ಈ ವಾದದ ಸತ್ವವನ್ನು ಪರೀಕ್ಷಿಸಲಿಕ್ಕೆ ದೂರ ಹೋಗಬೇಕಾದ ಕಾರಣವಿಲ್ಲ. ಬೆಳಗಾವಿಗೆ ಸಂಬಂಧಿಸಿದ ಎರಡು ಸ್ಮರಣಲೇಖಗಳೂ, ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ತಾಮ್ರಪಟಗಳೂ ಈ ಕೆಲಸಕ್ಕೆ ಸಾಕು.

ಸ್ವಾಮಿ ವಿವೇಕಾನಂದರು ೧೮೯೨ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಕೊಲ್ಲಾಪುರದಿಂದ ಬೆಳಗಾವಿಗೆ ಬಂದರು. ಚಿಕಾಗೋದ ಸರ್ವಧರ್ಮಪರಿಷತ್ತಿಗೆ ಇನ್ನೂ ಸುಮಾರು ಒಂದು ವರ್ಷವಿತ್ತು. ಬಂದವರು ಪರಿಚಯಪತ್ರವೊಂದನ್ನು ಹಿಡಿದುಕೊಂಡ ತರುಣ ಸಂನ್ಯಾಸಿಯಷ್ಟೇ. ಮೊದಲು ವಕೀಲರಾದ ಸದಾಶಿವರಾವ್ ಭಾಟೆಯವರ ಮನೆಯಲ್ಲಿಯೂ, ಆಮೇಲೆ ಅರಣ್ಯಖಾತೆಯ ಅಧಿಕಾರಿಗಳಾಗಿದ್ದ ಹರಿಪದ ಮಿತ್ರರಲ್ಲಿಯೂ ಅವರು ಇಳಿದುಕೊಂಡರು. ಭಾಟೆಯವರ ಮಗ ಜಿ. ಎಸ್. ಭಾಟೆಯವರೂ ಮಿತ್ರರೂ ಆ ದಿನಗಳ ನೆನಪುಗಳನ್ನು ಬರೆದಿಟ್ಟಿದ್ದಾರೆ. ಎರಡೂ ಲೇಖಗಳು ಸ್ವಾಮಿಗಳು ಜಗದ್ವಿಖ್ಯಾತರಾದ ಬಳಿಕ ಬರೆದವುಗಳೆಂಬ ಸಂಗತಿಯನ್ನು ವಾಚಕರು ಮರೆಯಲಾಗದು. ಭಕ್ತಿಯು ನೆನಪಿಗೆ ಮೆರುಗು ಕೊಡುವದು ಸ್ವಾಭಾವಿಕವು. ಆದರೂ ಭಾಟೆಯವರ ಬರವಣಿಗೆಯಲ್ಲಿ ಒಂದು ಗುಣವಿದೆ. ತಮ್ಮ ಮನೆಯವರಿಗೆ ಆಗ ಆದ ಇರಿಸುಮುರಿಸನ್ನು ಅವರು ಮುಚ್ಚಿಡಲಿಲ್ಲ.

ಊಟವಾದ ಮೇಲೆ ಸಂನ್ಯಾಸಿಗಳು ವೀಳ್ಯದೆಲೆ ಅಡಿಕೆಯನ್ನು ಕೇಳಿದರು. ಬಳಿಕ ತಿನ್ನುವ ತಂಬಾಕನ್ನೂ ಬೇಡಿದರು! ಮಹಾರಾಷ್ಟ್ರದ ಬ್ರಾಹ್ಮಣ ಗೃಹಸ್ಥನ ಮನೆಯಲ್ಲಿ ಕಾವಿಯುಟ್ಟವನಿಂದ ಈ ಬೇಡಿಕೆಯು ಬಂದಾಗ ಬೆರಗಾಗದಿರುವದು ಹೇಗೆ? ಪೂರ್ವದ ಕೆಲವು ಅಭ್ಯಾಸಗಳು ಬಿಡಲಾಗದೆ ಉಳಿದಿವೆ, ಅವು ದೊಡ್ಡ ದೋಷಗಳೇನೂ ಅಲ್ಲವೆಂದು ಬಿಟ್ಟುಕೊಂಡಿರುವೆನು ಎಂಬರ್ಥದ ಸಮಾಧಾನವನ್ನು ಅವರು ಹೇಳಿದರಂತೆ. ಆಹಾರದ ಪ್ರಶ್ನೆಯು ಬಂದಾಗ, ಪರಮಹಂಸರ ಪಂಥದವನು ಕೊಟ್ಟದ್ದನ್ನು ಉಣ್ಣಬೇಕು, ಕೊಡದಿದ್ದರೆ ಉಪವಾಸವಿರಬೇಕು ಎಂದರು. ಮುಸಲ್ಮಾನರ ಕೈಯಿಂದ ಉಂಡದ್ದನ್ನೂ ಮರೆಮಾಡಲಿಲ್ಲ. ಮಿತ್ರರ ಲೇಖದಲ್ಲಿ ಡಿಕನ್ಸನ ಪಿಕ್‌ವಿಕ್ ಕಾದಂಬರಿಯ ಪುಟಗಳನ್ನು ಬಾಯಿಪಾಠವಾಗಿ ಹೇಳಿದ ಪ್ರಸಂಗವಿದೆ. ಸಂನ್ಯಾಸಿಯ ಬಾಯಲ್ಲಿ ಉಪನಿಷತ್ತಿನ ಬದಲು ನಗೆಗಾದಂಬರಿ ಬಂತೆಂದು ಮಿತ್ರರಿಗೆ ಆದ ಆಶ್ಚರ್ಯವು ಸಣ್ಣದಲ್ಲ.

ಇಂಥ ಸಡಿಲತೆಯನ್ನು ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುವರು. ಮಡಿಯ ಕಟ್ಟು ಹರಿಯಿತು, ಮನುಷ್ಯರು ಒಂದಾದರು ಎಂದು ಅವರ ಸಂತೋಷವು. ಆದರೆ ಲೇಖಗಳನ್ನು ಗಮನಕೊಟ್ಟು ಓದಿದರೆ ಕಟ್ಟು ಹರಿದದ್ದು ಅತಿಥಿಯದು, ಆತಿಥೇಯನದಲ್ಲವೆಂಬದು ತಿಳಿಯುವದು. ಕೊಟ್ಟದ್ದನ್ನು ಉಣ್ಣಬೇಕೆಂಬ ನಿಯಮದಲ್ಲಿ ಏನು ಕೊಡಬೇಕೆಂಬ ಅಧಿಕಾರವು ಅನ್ನವಿಕ್ಕುವವನಿಗೇ ಉಳಿಯಿತು. ಭಾಟೆಯವರ ಒಲೆಯ ಮೇಲೆ ಏನು ಬೇಯಬೇಕೆಂಬದನ್ನು ಸ್ವಾಮಿಗಳು ನಿರ್ಣಯಿಸಲಿಲ್ಲ. ಇದಕ್ಕಿಂತಲೂ ಮಹತ್ವದ ಪ್ರಸಂಗವು ಮಿತ್ರರಲ್ಲಿದೆ. ತಮ್ಮ ಮನೆಗೆ ಬಂದಿರಬೇಕೆಂದು ಮಿತ್ರರು ಕೇಳಿಕೊಂಡಾಗ ಸ್ವಾಮಿಗಳು ಒಡನೆ ಒಪ್ಪಲಿಲ್ಲ. ಬಂಗಾಲದವನು ಸಿಕ್ಕನೆಂದು ಮರಾಠಿ ಗೃಹಸ್ಥನ ಮನೆಯನ್ನು ಬಿಟ್ಟು ಹೊರಟರೆ ಅವರ ಮನಸ್ಸು ನೊಂದೀತು ಎಂಬದೇ ಅವರ ಸಂಕೋಚವು. ಎಲೆ, ತಂಬಾಕು, ಅನ್ನ, ಗ್ರಂಥ ಈ ನಾಲ್ಕರಲ್ಲಿಯೂ ನಿಯಮವಿಲ್ಲದ ಮನುಷ್ಯನು ಇಲ್ಲಿ ಮಾತ್ರ ಕಟ್ಟುನಿಟ್ಟಾಗಿರುವನು! ತಾಂಬೂಲದ ಕಥೆಯನ್ನು ನೂರು ಸಲ ಹೇಳುವ ಅಭಿಮಾನಿಗಳು ಈ ಸಂಕೋಚದ ಕಥೆಯನ್ನು ಒಮ್ಮೆಯೂ ಹೇಳದಿರುವದು ವಿಚಿತ್ರವು.

ಸಡಿಲ ಧರ್ಮಕ್ಕೆ ಇನ್ನೊಂದು ಅಪಾಯವಿದೆ; ಅದು ಆಚಾರದಿಂದ ಬಂದದ್ದಲ್ಲ, ತತ್ವದಿಂದ ಬಂದದ್ದು. ಎಲ್ಲ ಧರ್ಮಗಳೂ ಒಂದೇ ಎಂದು ಅದು ಹೇಳುವದು. ಹೇಳುವವನಿಗೆ ಇದು ಔದಾರ್ಯವಾಗಿ ತೋರಿದರೂ ಕೇಳುವವನಿಗೆ ಹಾಗೆಯೇ ತೋರಬೇಕೆಂಬದೇನು? ತನ್ನ ಪ್ರವಾದಿಯೂ ತನ್ನ ತೀರ್ಥಂಕರನೂ ಬೇರೆಯವರ ಮಾಲೆಯಲ್ಲಿ ಒಂದೊಂದು ಮಣಿಯಾಗುವದನ್ನು ನಂಬಿಗಸ್ತನು ಬಯಸದೆ ಇರಬಹುದು. ಕೇಶವಚಂದ್ರ ಸೇನರು ೧೮೮೧ರಲ್ಲಿ ಸಾರಿದ ನವವಿಧಾನವು ಸರ್ವಮತಗಳ ಸಾರವನ್ನು ಒಟ್ಟುಗೂಡಿಸಹೊರಟಿತು. ಆದರೆ ಅದಕ್ಕೆ ಮೂರು ವರ್ಷ ಮೊದಲೇ, ಅವರ ಮಗಳ ವಿವಾಹದ ನಿಮಿತ್ತವಾಗಿ ಒಡೆದುಹೋಗಿದ್ದ ಬ್ರಾಹ್ಮಸಮಾಜದಲ್ಲಿ ಅದು ಮತ್ತೊಂದು ಶಾಖೆಯಾಗಿ ಉಳಿಯಿತು. ಎಲ್ಲವನ್ನೂ ಒಳಗೊಳ್ಳಹೋದದ್ದು ಎಲ್ಲವುಗಳ ಪಕ್ಕದಲ್ಲಿ ಇನ್ನೊಂದಾಗಿ ನಿಂತಿತು.

ವಿವೇಕಾನಂದರ ಪರಂಪರೆಗೂ ಇಂಥದೇ ಇಕ್ಕಟ್ಟು ಬಂತು. ಪಶ್ಚಿಮ ಬಂಗಾಲದಲ್ಲಿದ್ದ ತನ್ನ ವಿದ್ಯಾಸಂಸ್ಥೆಗಳ ಆಡಳಿತವನ್ನು ಉಳಿಸಿಕೊಳ್ಳುವದಕ್ಕಾಗಿ ರಾಮಕೃಷ್ಣ ಮಿಶನ್ನು ೧೯೮೦ರ ದಶಕದಲ್ಲಿ ತಾನು ಹಿಂದೂಧರ್ಮದಿಂದ ಬೇರೆಯಾದ ಅಲ್ಪಸಂಖ್ಯಾತ ಧರ್ಮವೆಂದು ನ್ಯಾಯಾಲಯದಲ್ಲಿ ವಾದಿಸಿತು. ಕಲಕತ್ತೆಯ ಉಚ್ಚ ನ್ಯಾಯಾಲಯವು ಅದನ್ನು ಒಪ್ಪಿತು. ೧೯೯೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಅದು ಹಿಂದೂಧರ್ಮದೊಳಗಿನ ಒಂದು ಪಂಥವೆಂದು ತೀರ್ಪಿತ್ತಿತು. ಇದನ್ನು ಹೇಳಿ ಹಂಗಿಸುವದು ಸುಲಭವು, ಆದರೆ ನ್ಯಾಯವಲ್ಲ. ಶಾಲೆಗೆ ಮೇಷ್ಟರನ್ನು ಯಾರು ನೇಮಿಸಬೇಕೆಂಬ ಪ್ರಶ್ನೆಯು ಹುಟ್ಟಿದಾಗ, ಎಲ್ಲವೂ ಒಂದೇ ಎಂಬ ಮಾತಿನಿಂದ ಯಾವ ಉತ್ತರವೂ ದೊರೆಯದು. ಇದು ನಮ್ಮದು, ಅದು ನಿಮ್ಮದು ಎಂಬ ಗೆರೆಯು ಬೇಕೇ ಆಗುವದು. ಅತ್ಯಂತ ಉದಾರ ಧರ್ಮಕ್ಕೂ ಆ ಗೆರೆಯು ಬೇಕಾಯಿತು. ಹಾಗಿದ್ದ ಮೇಲೆ ನೆರೆಯ ಧರ್ಮದವನು ತನ್ನ ಗೆರೆಯನ್ನು ಕಾಯ್ದುಕೊಂಡರೆ ಅವನನ್ನು ಸಂಕುಚಿತನೆನ್ನಲಿಕ್ಕೆ ಬಾಯಿ ಎಲ್ಲಿಯದು?

ಗೆರೆಯನ್ನು ಅಳಿಸದೆ ಕೂಡಿ ಬಾಳುವ ಬಗೆಯಾದರೂ ಯಾವದು ಎಂಬದಕ್ಕೆ ಬೆಳಗಾವಿಯ ಕೋಟೆಯನ್ನು ತೋರಿಸುವವರುಂಟು. ರಟ್ಟರ ಕಾಲದಲ್ಲಿ, ೧೨೦೪ರಲ್ಲಿ ಕಟ್ಟಿದ ಕಮಲಬಸದಿ, ಸಫಾ ಮಸೀದಿ, ಈಗಿನ ರಾಮಕೃಷ್ಣಾಶ್ರಮ, ಇವು ಒಂದೇ ಕೋಟೆಯೊಳಗಿವೆ. ಆದರೆ ಕಲ್ಲುಗಳು ಬಳಿಬಳಿಯಲ್ಲಿ ನಿಂತಮಾತ್ರಕ್ಕೆ ಅವುಗಳನ್ನು ಕಟ್ಟಿಸಿದವರು ಕೂಡಿ ಬಾಳಿದರೆನ್ನಲಾಗದು. ಒಬ್ಬನು ಸೋತ ಮೇಲೆ ಗೆದ್ದವನು ಕಟ್ಟಿಸಿದ್ದೂ ಅದೇ ಕೋಟೆಯಲ್ಲಿ ಇರುವದು. ಕಲ್ಲಿಗಿಂತ ಬರೆಹವೇ ಇಲ್ಲಿ ಹೆಚ್ಚಿನ ಸಾಕ್ಷಿಯು. ಅಂಥ ಬರೆಹಕ್ಕಾಗಿ ಖಾನಾಪುರದ ಕಡೆಗೆ ಹೊರಳಬೇಕು.

ಹಲಸಿಯು ಪ್ರಾಚೀನ ಪಲಾಶಿಕೆ, ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಅಲ್ಲಿ ಸಿಕ್ಕ ಸಂಸ್ಕೃತ ತಾಮ್ರಪಟಗಳನ್ನು ಫ್ಲೀಟ್ ಸಾಹೇಬರು ೧೮೭೭ರಲ್ಲಿ ಪ್ರಕಟಿಸಿದರು. ಕದಂಬರು ಮಾನವ್ಯ ಗೋತ್ರದವರೆಂದು ಹೇಳಿಕೊಂಡು, ಸ್ವಾಮಿ ಮಹಾಸೇನನನ್ನೂ ಮಾತೃಗಣವನ್ನೂ ಸ್ಮರಿಸುವ ವೈದಿಕ ಮನೆತನದವರು. ಆ ಮನೆತನದ ಮೃಗೇಶವರ್ಮನು ಐದನೆಯ ಶತಮಾನದ ಉತ್ತರಾರ್ಧದಲ್ಲಿ, ತೀರಿಕೊಂಡ ತಂದೆಯ ಮೇಲಿನ ಭಕ್ತಿಯಿಂದ, ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ ೩೩ ನಿವರ್ತನ ಭೂಮಿಯನ್ನು ಕೊಟ್ಟನು. ಕೊಟ್ಟದ್ದು ಯಾರಿಗೆ? ಜೈನರಿಗೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಿಲ್ಲ. ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂದು ಮೂರು ಹೆಸರುಗಳನ್ನು ಬಿಡಿಸಿ ಬರೆಯಿಸಿದನು. ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ದೊರೆತ ಅವನದೇ ಶಾಸನದಲ್ಲಿ ಈ ಬುದ್ಧಿಯು ಇನ್ನೂ ಸ್ಪಷ್ಟವಾಗಿದೆ. ಕಾಲವಂಗವೆಂಬ ಗ್ರಾಮವನ್ನು ಮೂರು ಪಾಲು ಮಾಡಿ, ಒಂದನ್ನು ಜಿನೇಂದ್ರನಿಗೂ, ಒಂದನ್ನು ಶ್ವೇತಪಟ ಸಂಘಕ್ಕೂ, ಒಂದನ್ನು ನಿರ್ಗ್ರಂಥ ಸಂಘಕ್ಕೂ ಕೊಟ್ಟನು. ಎರಡು ಸಂಘಗಳೂ ಪೂಜಿಸುವದು ಅದೇ ಜಿನನನ್ನು. ಆದರೂ ನೀವಿಬ್ಬರೂ ಒಂದೇ, ಹಂಚಿಕೊಂಡು ಉಣ್ಣಿರಿ ಎಂದು ಅರಸನು ಉಪದೇಶಿಸಲಿಲ್ಲ. ಪಾಲು ಮಾಡಿದನು. ದಾನವನ್ನು ಕಸಿದುಕೊಂಡವನು ನರಕಕ್ಕೆ ಹೋಗುವನೆಂದು ಆ ಕಾಲದ ದಾನಶಾಸನಗಳು ರೂಢಿಯಂತೆ ಶಪಿಸುವವು. ಮುಂದೆ ಬರುವ ಅರಸನ ಸದ್ಬುದ್ಧಿಯ ಮೇಲೆ ಮಾತ್ರ ಭಾರ ಹಾಕುವದು ಆ ಕಾಲದವರ ಪದ್ಧತಿಯಾಗಿರಲಿಲ್ಲ.

ಈ ಪಟಗಳನ್ನು ಅತಿಯಾಗಿ ಹೊಗಳಲೂ ಆಗದು. ಭೂಮಿಯು ಅರಸನದು, ಔದಾರ್ಯವೂ ಅರಸನದು. ಅದನ್ನು ಉತ್ತು ಬೆಳೆದವನ ದೇವರು ಯಾರೆಂದು ಪಟವು ಹೇಳುವದಿಲ್ಲ. ದಾನ ಕೊಡುವವನ ಸಹನೆಯು ಬೇರೆ, ಅಕ್ಕಪಕ್ಕದ ಮನೆಯವರ ಸಹನೆಯು ಬೇರೆ. ಅಡ್ಡಗೋಡೆಯ ಆಚೆಯ ಮಾಂಸದ ವಾಸನೆ, ಬೆಳಗಿನ ಬಾಂಗು, ಹಬ್ಬದ ವಾದ್ಯ, ಇವು ಅರಸನ ಅಂಗಳಕ್ಕೆ ಬರತಕ್ಕವುಗಳಲ್ಲ. ಗಲ್ಲಿಯವರು ದಿನಾಲು ತೀರಿಸಿಕೊಳ್ಳಬೇಕಾದ ಲೆಕ್ಕಗಳು. ಅಲ್ಲಿ ತಾಮ್ರಪಟದಿಂದ ಕಲಿಯತಕ್ಕದ್ದು ಇಷ್ಟೇ: ನೆರೆಯವನನ್ನು ಅವನು ತನಗೆ ತಾನು ಇಟ್ಟುಕೊಂಡ ಹೆಸರಿನಿಂದ ಕರೆಯುವದು, ಅವನ ಪಾಲನ್ನು ಅಳೆದು ಕೊಡುವದು. ಇದನ್ನು ಮಾಡುವ ಸಡಿಲ ಧರ್ಮವು ಯಾವ ಧರ್ಮದ ಪಕ್ಕದಲ್ಲಿಯೂ ಇರಬಲ್ಲದು. ಮಾಡದಿದ್ದರೆ ಅದರ ಸಡಿಲತೆಯು ನೆರೆಯವನ ಪಾಲಿಗೆ ಕೇವಲ ಅಲಕ್ಷ್ಯವಾಗಿ ಪರಿಣಮಿಸುವದು. ತನಗೆ ಮಡಿಯಿಲ್ಲವೆಂದು ಮತ್ತೊಬ್ಬರ ದೇವರ ಕೋಣೆಗೆ ಕಾಲಿಡುವವನು ಉದಾರನೆನಿಸಲಾರನು.

ಹೀಗೆ ನೋಡಿದರೆ ಬೆಳಗಾವಿಯ ಲೇಖಗಳಲ್ಲಿ ತಾಂಬೂಲಕ್ಕಿಂತ ಆ ಸಂಕೋಚವೇ ಹೆಚ್ಚು ಬೆಲೆಯುಳ್ಳದ್ದು. ಮರುದಿನದ ಉಪಾಹಾರಕ್ಕೆ ಬರುವೆನೆಂದ ಸ್ವಾಮಿಗಳಿಗಾಗಿ ಮಿತ್ರರು ಕಾದು ಕಾದು, ಕೊನೆಗೆ ತಾವೇ ಭಾಟೆಯವರಲ್ಲಿಗೆ ಹೋದರು. ಅಲ್ಲಿ ವಕೀಲರೂ ಪಂಡಿತರೂ ತುಂಬಿದ ಸಭೆ. ಕೂತವರನ್ನು ನಿರಾಶೆಗೊಳಿಸಿ ಏಳಲಾರದೆ ಸ್ವಾಮಿಗಳು ಅಲ್ಲಿಯೇ ಉಳಿದಿದ್ದರು. ಮಿತ್ರರಲ್ಲಿ ಕ್ಷಮೆ ಬೇಡಿದರು; ಭಾಟೆಯವರು ಒಪ್ಪಿದ ಬಳಿಕವೇ ಅವರ ಮನೆಗೆ ಹೊರಟರು.