ಹಾಸ್ಯಗಾರನೂ ಗಾಯಕನೂ: ಅಣಕದ ಮರ್ಯಾದೆಯನ್ನು ಕುರಿತ ಒಂದು ವಿಚಾರ

2016ನೆಯ ಇಸವಿಯ ಮೇ ತಿಂಗಳಿನಲ್ಲಿ ಮುಂಬಯಿಯ ವಿನೋದಕಾರ ತನ್ಮಯ ಭಟ್ ಅವರು, ಮುಖಕ್ಕೆ ಮುಖವನ್ನು ಹೊಂದಿಸಿ ತೋರಿಸುವ ಫೋನಿನ ತಂತ್ರವೊಂದನ್ನು ಬಳಸಿ, ಲತಾ ಮಂಗೇಶಕರ್ ಹಾಗೂ ಸಚಿನ್ ತೆಂಡೂಲ್ಕರ್ ಇಬ್ಬರೂ ಪರಸ್ಪರ ಕಚ್ಚಾಡುವಂತೆ ನಟಿಸಿ, ಆ ಕಿರುಚಿತ್ರವನ್ನು ಸ್ನ್ಯಾಪ್‌ಚಾಟ್‌ನಲ್ಲಿ ಪ್ರಕಟಿಸಿದರು. ಆಗ ಗಾಯಕಿಗೆ ಎಂಬತ್ತಾರು ವರ್ಷ. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಚಲನಚಿತ್ರ ವಿಭಾಗದವರು ಪೊಲೀಸರಿಗೆ ದೂರಿತ್ತರು. ಪೊಲೀಸರು ಆ ಚಿತ್ರವನ್ನು ಅಂತರ್ಜಾಲದಿಂದ ತೆಗೆಸುವ ಯತ್ನಕ್ಕೆ ತೊಡಗಿದರು. ಚಿತ್ರರಂಗದ ಹಿರಿಯರು ಖಂಡಿಸಿದರು. ಕಿರಿಯರು ಅನೇಕರು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಿದರು. ಲತಾ ಮಂಗೇಶಕರ್ ಅವರಾದರೋ, ಆ ಚಿತ್ರವನ್ನು ತಾವು ನೋಡಿಲ್ಲವೆಂದೂ, ನೋಡುವ ಇಚ್ಛೆಯೂ ಇಲ್ಲವೆಂದೂ, ಆ ವ್ಯಕ್ತಿ ಯಾರೆಂದೇ ತಮಗೆ ತಿಳಿಯದೆಂದೂ ಹೇಳಿ ಸುಮ್ಮನಾದರು. ಗಾಯಕಿಯ ಹೆಸರಿನಲ್ಲಿ ನಡೆದ ಕಲಹದಲ್ಲಿ ಗಾಯಕಿಯೇ ಪಾಲುಗೊಳ್ಳಲಿಲ್ಲ.

ಅಂದಿನ ವಾದಗಳನ್ನು ಇಂದು ನೆನೆದರೆ ಒಂದು ಕೊರತೆ ಎದ್ದು ಕಾಣುತ್ತದೆ. ಒಂದು ಪಕ್ಷದವರು ಪೂಜ್ಯರನ್ನು ಅಣಕಿಸಬಾರದೆಂದರು. ಇನ್ನೊಂದು ಪಕ್ಷದವರು ಯಾರನ್ನಾದರೂ ಅಣಕಿಸಬಹುದೆಂದರು. ಆ ಅಣಕ, ಅಣಕವಾಗಿ ಚೆನ್ನಾಗಿತ್ತೆ ಎಂದು ಕೇಳಿದವರು ವಿರಳ. ವಿಮರ್ಶೆಗೆ ಸೇರಿದ ಪ್ರಶ್ನೆ ಅದೊಂದೇ ಆಗಿತ್ತು. ಅದನ್ನು ಕೇಳದೆ ಹೋದದ್ದರಿಂದ ವಿಷಯವು ರಸಿಕರ ಕೈಬಿಟ್ಟು ಠಾಣೆಯ ಮೆಟ್ಟಿಲೇರಿತು. ಈ ಪ್ರಶ್ನೆಯನ್ನು ಕೇಳುವುದಕ್ಕೆ ಬೇಕಾದ ಒರೆಗಲ್ಲು ಭಾರತೀಯ ರಂಗಪರಂಪರೆಯಲ್ಲಿಯೇ ಉಂಟೆಂಬುದನ್ನು ಮುಂದೆ ಪರಿಶೀಲಿಸಬಹುದು.

ಈ ಕಲಹ ಹೊಸತೇನೂ ಅಲ್ಲ. ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿಯೇ ಅದರ ಕಥೆಯಿದೆ. ಭರತಮುನಿಯ ಪುತ್ರರು ವಿದ್ಯಾಮದದಿಂದ ಬೀಗಿ ಋಷಿಗಳನ್ನು ಗೇಲಿಮಾಡುವ ಪ್ರಹಸನವೊಂದನ್ನು ಆಡಿದರಂತೆ. ಕ್ರುದ್ಧರಾದ ಋಷಿಗಳು ಅವರ ಜ್ಞಾನ ನಾಶವಾಗಲೆಂದೂ, ಅವರೂ ಅವರ ಸಂತತಿಯೂ ಹೀನಸ್ಥಿತಿಗೆ ಇಳಿಯಲೆಂದೂ ಶಪಿಸಿದರು. ದೇವತೆಗಳು ನಡುವೆ ಬಂದು ಬೇಡಿಕೊಂಡುದರಿಂದ ನಾಟ್ಯವೇನೋ ಉಳಿಯಿತು; ನಟರ ಮೇಲಣ ಶಾಪ ಮಾತ್ರ ಹಿಂದೆಗೆಯಲ್ಪಡಲಿಲ್ಲ. ನಟವರ್ಗಕ್ಕೆ ಸಮಾಜದಲ್ಲಿ ಒದಗಿದ ಕೀಳ್ಮೆಗೆ ಗ್ರಂಥವು ಕೊಡುವ ಕಾರಣ ಇದು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅಣಕಿಸಿದವರ ತಪ್ಪನ್ನು ಗ್ರಂಥವು ಮರೆಮಾಚುವುದಿಲ್ಲ. ಅವರ ಹಾಸ್ಯ ಗ್ರಾಮ್ಯವಾಗಿತ್ತು, ಅದರ ಮೂಲದಲ್ಲಿ ಅಹಂಕಾರವಿತ್ತು. ಆದರೆ ಒಂದು ದಿನದ ಆಟಕ್ಕೆ ತಲೆತಲಾಂತರದ ಶಿಕ್ಷೆ ವಿಧಿಸಿದ ಮೇಲೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಆಟದ ಒರಟುತನಕ್ಕಿಂತ ಹೆಚ್ಚಾಗಿ ಶಾಪದ ಒರಟುತನವೇ. ಬಲವುಳ್ಳವರ ಕೋಪವು ಅಣಕಕ್ಕಿಂತ ಬಹುಕಾಲ ಬಾಳುತ್ತದೆ.

ಅದೇ ನಾಟ್ಯಶಾಸ್ತ್ರವು ರಸಪ್ರಕರಣದಲ್ಲಿ ಹಾಸ್ಯವನ್ನು ಶೃಂಗಾರದ ಅನುಕೃತಿಯೆಂದು ನಿರೂಪಿಸುತ್ತದೆ. ಅಭಿನವಗುಪ್ತಪಾದರು ಈ ಸೂತ್ರವನ್ನು ವಿಸ್ತರಿಸಿ, ಯಾವ ಭಾವವೇ ಆಗಲಿ ಅನುಚಿತವಾಗಿ ತೋರಿದಾಗ ಹಾಸ್ಯಕ್ಕೆ ಎಡೆಯಾಗುತ್ತದೆಂದು ವಿವರಿಸುತ್ತಾರೆ. ಇದರಿಂದ ಒಂದು ತೀರ್ಮಾನಕ್ಕೆ ಬರಬಹುದು. ಅಣಕವು ಮೊದಲು ಅನುಕರಣವಾಗಬೇಕು; ಅನುಕರಿಸುವವನು ಅನುಕಾರ್ಯವನ್ನು ಅರಿತಿರಬೇಕು. ಗಾಯಕನನ್ನು ಅಣಕಿಸುವವನಿಗೆ ಗಾಯನದ ಒಳಗುಟ್ಟು ಸ್ವಲ್ಪವಾದರೂ ಕೈವಶವಾಗಿರಬೇಕು. ಅದಿಲ್ಲದೆ ಗಾಯಕನ ಮೈಯನ್ನೋ ಮುಪ್ಪನ್ನೋ ಉಡುಗೆಯನ್ನೋ ಹಿಡಿದು ಮಾಡುವ ಪರಿಹಾಸವು ಯಾವ ಮನುಷ್ಯನ ಮೇಲೆಯಾದರೂ ಮಾಡಬಹುದಾದ ಪರಿಹಾಸ. ಅದಕ್ಕೆ ಗಾಯಕನೇ ಬೇಕಾಗಿರಲಿಲ್ಲ.

ಕನ್ನಡ ನಾಡಿನ ಯಕ್ಷಗಾನದಲ್ಲಿ ಈ ಸಂಬಂಧವು ಅತ್ಯಂತ ಆರೋಗ್ಯವಾದ ರೂಪದಲ್ಲಿ ಉಳಿದುಬಂದಿದೆ. ಪಾರ್ತಿಸುಬ್ಬನ ಕುಂಬಳೆಯ ಸೀಮೆಯಿಂದ ಉತ್ತರ ಕನ್ನಡದವರೆಗೂ ಭಾಗವತನು ಮೇಳದ ಸೂತ್ರಧಾರ. ಆಟದ ಗತಿಯೆಲ್ಲವೂ ಅವನ ಹಾಡಿನಿಂದ ನಡೆಯತಕ್ಕದ್ದು. ಆ ಭಾಗವತನೊಡನೆಯೇ ಹಾಸ್ಯಗಾರನು ದೂತನಾಗಿಯೋ ಬ್ರಾಹ್ಮಣನಾಗಿಯೋ ರಂಗಕ್ಕೆ ಬಂದು ಮಾತಿಗೆ ಮಾತು ಬೆಳೆಸುತ್ತಾನೆ. ಒಮ್ಮೊಮ್ಮೆ ಅವನ ಹಾಡನ್ನೇ ಕೆಣಕುತ್ತಾನೆ. ಭಾಗವತನು ಕೋಪಿಸಿಕೊಳ್ಳುವುದಿಲ್ಲ, ಏಕೆಂದರೆ ಮರುಕ್ಷಣದಲ್ಲಿ ಪದವನ್ನೆತ್ತಿ ಹಾಸ್ಯಗಾರನನ್ನು ಕುಣಿಸುವ ಅಧಿಕಾರ ಅವನ ಕಂಠದಲ್ಲಿದೆ. ತಾಳ ತಪ್ಪಿದರೆ ಮಾನಭಂಗವಾಗುವುದು ಹಾಸ್ಯಗಾರನಿಗೇ. ಆಂಧ್ರದ ಕೃಷ್ಣಾ ಜಿಲ್ಲೆಯ ಕೂಚಿಪೂಡಿಯ ಭಾಮಾಕಲಾಪದಲ್ಲಿಯೂ ಸೂತ್ರಧಾರನೇ ಮಾಧವಿಯ ಪಾತ್ರವನ್ನು ವಹಿಸಿ ಸತ್ಯಭಾಮೆಯ ಬಿಂಕವನ್ನು ಪರಿಹಾಸ ಮಾಡುತ್ತಾನೆ. ಎರಡೂ ಕಡೆ ನಿಯಮ ಒಂದೇ: ಅಣಕಕ್ಕೆ ಗುರಿಯಾದವನು ಅದೇ ರಂಗದ ಮೇಲೆ ಇದ್ದಾನೆ, ಉತ್ತರ ಕೊಡಲು ಅವನಿಗೆ ಅವಕಾಶವೂ ಸಾಧನವೂ ಇವೆ.

ಈ ಅವಕಾಶ ಒಂದು ಪಕ್ಷಕ್ಕೆ ಮಾತ್ರ ಇದ್ದರೆ ಏನಾಗುವುದೆಂಬುದಕ್ಕೆ ಕೇರಳದ ಐತಿಹ್ಯವೊಂದು ನಿದರ್ಶನವಾಗಿದೆ. ದೇವಾಲಯದ ಕೂತ್ತಿನಲ್ಲಿ ಚಾಕ್ಯಾರನು ಸಭೆಯಲ್ಲಿರುವ ಯಾರನ್ನೇ ಆಗಲಿ, ಅರಸನನ್ನೂ ಕೂಡ, ಹಾಸ್ಯಕ್ಕೆ ಗುರಿಮಾಡಬಲ್ಲವನಾಗಿದ್ದನು. 18ನೆಯ ಶತಮಾನದಲ್ಲಿ ಅಂಬಲಪ್ಪುಳದಲ್ಲಿ ಮಿಳಾವು ಎಂಬ ವಾದ್ಯವನ್ನು ನುಡಿಸುತ್ತಿದ್ದ ಕುಂಚನ್ ನಂಬಿಯಾರರು ಒಂದು ಸಲ ವಾದನದ ನಡುವೆ ತೂಕಡಿಸಿದರಂತೆ. ಚಾಕ್ಯಾರನು ತುಂಬಿದ ಸಭೆಯಲ್ಲಿ ಅವರನ್ನು ಹಂಗಿಸಿದನಂತೆ. ನಂಬಿಯಾರರು ಆಗ ಮರುನುಡಿಯಲಿಲ್ಲ. ಅನತಿಕಾಲದಲ್ಲಿಯೇ ಅದೇ ದೇವಾಲಯದ ಆವರಣದಲ್ಲಿ, ಆಡುಮಾತಿನ ಹಾಡು, ಕುಣಿತ, ವಿಡಂಬನೆಗಳನ್ನು ಕೂಡಿಸಿದ ‘ತುಳ್ಳಲ್’ ಎಂಬ ಹೊಸ ಕಲೆಯನ್ನು ಪ್ರದರ್ಶಿಸಿದರು. ಕೂತ್ತು ನೋಡುತ್ತಿದ್ದ ಜನ ಎದ್ದು ಆ ಕಡೆಗೆ ಹೋದರು. ಐತಿಹ್ಯದ ವಿವರಗಳು ಹೇಗೇ ಇರಲಿ, ತುಳ್ಳಲ್ ಇಂದಿಗೂ ಜೀವಂತವಾಗಿದೆ. ವಾದ್ಯಗಾರನು ಹಾಸ್ಯಗಾರನಿಗೆ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಸಮರ್ಥವಾದುದು ಇನ್ನೊಂದಿರಲಾರದು. ಹಾಸ್ಯಗಾರನ ಆಯುಧವನ್ನೇ ಕಲಿತು ತನ್ನ ಲಯಜ್ಞಾನವನ್ನು ಅದಕ್ಕೆ ಬೆಸೆದ ಉತ್ತರ ಅದು.

ಚಲನಚಿತ್ರವು ಬಂದ ಬಳಿಕ ರಂಗ ಬೇರೆಯಾಯಿತು. ಅಣಕಕ್ಕೆ ಗುರಿಯಾದವರು ಎದುರಿನಲ್ಲಿ ಇಲ್ಲದಂತಾಯಿತು. ಹಾಡುಬಾರದ ನಾಯಕನೊಬ್ಬನು, ಮರೆಯಲ್ಲಿ ನಿಂತ ಗೆಳೆಯನ ಕಂಠಕ್ಕೆ ತುಟಿಯಾಡಿಸಿ, ಸಂಗೀತಪ್ರಿಯಳಾದ ನೆರೆಮನೆಯ ಹುಡುಗಿಯನ್ನು ಒಲಿಸಿಕೊಳ್ಳುವ ಕಥೆ ಬಂಗಾಳಿಯಲ್ಲಿ 1952ರಲ್ಲಿ ‘ಪಾಶೇರ್ ಬಾಡಿ’ಯಾಗಿ ಬಂದಿತು, ಮರುವರ್ಷ ತೆಲುಗಿನಲ್ಲಿ, ಹಾಸ್ಯನಟ ರೇಲಂಗಿಯವರನ್ನೇ ನಾಯಕನನ್ನಾಗಿಸಿ, ‘ಪಕ್ಕಿಂಟಿ ಅಮ್ಮಾಯಿ’ಯಾಯಿತು, 1968ರಲ್ಲಿ ಹಿಂದಿಯ ‘ಪಡೋಸನ್’ ಆಯಿತು, 2004ರಲ್ಲಿ ಕನ್ನಡಕ್ಕೂ ಇಳಿಯಿತು. ‘ಪಡೋಸನ್’ ಚಿತ್ರದಲ್ಲಿ ಮೆಹಮೂದರು ದಕ್ಷಿಣದ ಸಂಗೀತದ ಮೇಷ್ಟರಾಗಿ ನಟಿಸಿದರು. ಅವರ ಜುಟ್ಟು, ಪಂಚೆ, ತೊಡರುವ ಹಿಂದಿ, ಇವೆಲ್ಲ ನಗೆಯ ಸಾಮಗ್ರಿಗಳಾದವು. ದಕ್ಷಿಣದ ಪ್ರೇಕ್ಷಕನಿಗೆ ಅಲ್ಲಿ ಮುಜುಗರವಾಗುವುದು ಸಹಜ. ಒಂದು ಸಂಪ್ರದಾಯದ ವಿದ್ಯೆಯನ್ನು ಆ ನಗೆ ಮುಟ್ಟಲೇ ಇಲ್ಲ, ಉಚ್ಚಾರಣೆಯನ್ನು ಮಾತ್ರ ಮುಟ್ಟಿತು. ಆದರೆ ಅದೇ ಚಿತ್ರದ ಸಂಗೀತಸ್ಪರ್ಧೆಯ ಹಾಡಿನಲ್ಲಿ ಸ್ಥಿತಿ ಬದಲಾಗುತ್ತದೆ. ಮೇಷ್ಟರ ಕಂಠವಾಗಿ ಶಾಸ್ತ್ರೀಯ ಶಿಕ್ಷಣ ಪಡೆದ ಮನ್ನಾ ಡೇ ಹಾಡುತ್ತಾರೆ. ಎದುರು ಪಕ್ಷಕ್ಕೆ ಅಂತಹ ಶಿಕ್ಷಣವಿಲ್ಲದ ಕಿಶೋರ್ ಕುಮಾರರು ಹಾಡುತ್ತಾರೆ. ಕಥೆಯಲ್ಲಿ ಮೇಷ್ಟರು ಸೋಲುತ್ತಾರೆ. ಕಿವಿಯುಳ್ಳವನಿಗೆ ಮಾತ್ರ ಸೋತ ಪಕ್ಷದ ವಿದ್ಯೆಯೂ ಗೆದ್ದ ಪಕ್ಷದ ಚಾತುರ್ಯವೂ ಒಂದರ ಪಕ್ಕದಲ್ಲಿ ಒಂದು ಕೇಳಿಸುತ್ತವೆ. ಅಲ್ಲಿ ಹಾಸ್ಯವು ಸಂಗೀತದ ಒಳಗಿನಿಂದಲೇ ಹುಟ್ಟಿದೆ. ಒಂದೇ ಕೃತಿಯಲ್ಲಿ ಕೀಳು ಅಣಕವೂ ಮೇಲು ಅಣಕವೂ ಹೀಗೆ ಜೊತೆಗೂಡಿರುವುದರಿಂದ, ಎರಡನ್ನೂ ಬೇರ್ಪಡಿಸಿ ನೋಡಲು ಇದು ತಕ್ಕ ಉದಾಹರಣೆ.

ಗಾಯಕನೇ ನೇರವಾಗಿ ಹಾಸ್ಯಗಾರನೊಡನೆ ಬಹಿರಂಗವಾಗಿ ಕಾದಿದ ಪ್ರಸಂಗಕ್ಕೆ ಅಮೆರಿಕದತ್ತ ನೋಡಬೇಕು. ಹಿಂಸೆಯ ನಡುವೆ ಬೆಳೆದ ತರುಣರ ಬಾಳನ್ನು ಕುರಿತು ರ್‍ಯಾಪ್ ಗಾಯಕ ಕೂಲಿಯೊ ಅವರು 1995ರಲ್ಲಿ ಹೊರತಂದ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್’ ಲೋಕವಿಖ್ಯಾತವಾಯಿತು. 1996ರಲ್ಲಿ ಅಣಕಗಾಯಕ ವಿಯರ್ಡ್ ಆಲ್ ಯಾಂಕೊವಿಕ್ ಅವರು ಅದೇ ಧಾಟಿಯಲ್ಲಿ, ವಿದ್ಯುತ್ತು ವಾಹನಗಳನ್ನು ದೂರವಿಟ್ಟು ಬಾಳುವ ಆಮಿಷ್ ಎಂಬ ಕ್ರೈಸ್ತ ಪಂಗಡದವರನ್ನು ಕುರಿತು ಹಾಡಿದರು. ತಾನು ಅನುಮತಿ ಕೊಟ್ಟಿರಲಿಲ್ಲವೆಂದೂ, ತನ್ನ ಹಾಡಿನ ಗಾಂಭೀರ್ಯವನ್ನು ಕೆಡಿಸಲಾಯಿತೆಂದೂ ಕೂಲಿಯೊ ಬಹಿರಂಗವಾಗಿ ಸಿಡಿದರು. ಗಾಯಕನ ಒಪ್ಪಿಗೆ ದೊರೆತಿದೆಯೆಂದು ಧ್ವನಿಮುದ್ರಣ ಸಂಸ್ಥೆಯವರಿಂದ ತಿಳಿದು ತಾನು ಮುಂದುವರಿದುದಾಗಿ ಯಾಂಕೊವಿಕ್ ಹೇಳಿ, ಕ್ಷಮೆ ಕೋರಿ ಪತ್ರ ಬರೆದರು. ಅಲ್ಲಿಯ ಸುಪ್ರೀಂ ಕೋರ್ಟು 1994ರಲ್ಲಿಯೇ ಅಣಕವಾಡು ನ್ಯಾಯಸಮ್ಮತವಾದ ಬಳಕೆಯಾಗಬಹುದೆಂದು ತೀರ್ಪಿತ್ತಿತ್ತು. ಹೀಗಿದ್ದೂ ಯಾಂಕೊವಿಕ್ ಅವರು ಕಾನೂನಿನ ಆಸರೆಗಿಂತ ಕಲಾವಿದನ ಒಪ್ಪಿಗೆಯನ್ನು ದೊಡ್ಡದೆಂದು ಭಾವಿಸಿದವರು. 1984ರಲ್ಲಿ ಮೈಕೆಲ್ ಜಾಕ್ಸನ್ ಅವರ ಹಾಡನ್ನು ಅಣಕಿಸಿದಾಗಲೂ ಅವರ ಅನುಮತಿ ಪಡೆದಿದ್ದರು.

ಈ ಪ್ರಸಂಗದಲ್ಲಿ ಒಂದು ವಿಪರ್ಯಾಸವುಂಟು. ಕೂಲಿಯೊ ಅವರ ಹಾಡು ಸ್ಟೀವಿ ವಂಡರ್ ಅವರ 1976ರ ಹಾಡೊಂದರ ಮೇಲೆ ಕಟ್ಟಿದುದು. ವಂಡರ್ ಅವರು ಅಶ್ಲೀಲಪದಗಳನ್ನು ಬಿಡಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆಯಿತ್ತಿದ್ದರು. ಎರವಲು ಪಡೆದ ಧಾಟಿಯನ್ನು ಇನ್ನೊಬ್ಬನು ಎರವಲು ಪಡೆದಾಗ ಕೋಪ ಬಂದಿತು. ವರ್ಷಗಳು ಕಳೆದ ಮೇಲೆ ಕೂಲಿಯೊ ಅವರು ಆ ಕೋಪ ತಮ್ಮ ಅವಿವೇಕವೆಂದು ಮನಸಾರೆ ಒಪ್ಪಿಕೊಂಡರು, ಇಬ್ಬರೂ ರಾಜಿಯಾದರು. 2022ರಲ್ಲಿ ಕೂಲಿಯೊ ತೀರಿಕೊಂಡರು. ಅಣಕಿಸಿದವನು ಮೂಲವನ್ನು ಅಕ್ಷರ ಅಕ್ಷರವಾಗಿ ಕಲಿತವನಾಗಿದ್ದುದೇ ಈ ರಾಜಿಗೆ ಎಡೆಮಾಡಿತೆಂದು ಊಹಿಸಬಹುದು. ತನ್ನ ಹಾಡಿನ ಲಯ, ಪ್ರಾಸ, ಉಸಿರಿನ ನಿಲುಗಡೆಗಳನ್ನೆಲ್ಲ ಇಷ್ಟು ಶ್ರದ್ಧೆಯಿಂದ ಅಭ್ಯಾಸಮಾಡಿದವನನ್ನು ಯಾವ ಗಾಯಕನೂ ಎಂದೆಂದಿಗೂ ಶತ್ರುವೆಂದೆಣಿಸಲಾರನು.

ಈ ಒರೆಗಲ್ಲಿನ ಮೇಲೆ 2016ರ ಮುಂಬಯಿಯ ಕಿರುಚಿತ್ರವನ್ನು ತಿಕ್ಕಿ ನೋಡಿದರೆ ಹೊಳಪು ಕಾಣುವುದಿಲ್ಲ. ಅದರಲ್ಲಿ ವೃದ್ಧಾಪ್ಯವಿತ್ತು, ಮುಖದ ಸುಕ್ಕಿತ್ತು, ಸಾವಿನ ಪ್ರಸ್ತಾಪವಿತ್ತು. ಹಾಡು ಮಾತ್ರ ಇರಲಿಲ್ಲ. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕಾಗಿ ಕನ್ನಡದಲ್ಲಿಯೂ ಹಾಡಿದ, ದೇಶದ ಕಿವಿಯನ್ನು ಅನೇಕ ದಶಕಗಳ ಕಾಲ ತಿದ್ದಿದ ಕಂಠವೊಂದರಲ್ಲಿ ಅಣಕಕ್ಕೆ ಯೋಗ್ಯವಾದ ಸಂಗತಿಗಳು ಇಲ್ಲದೆ ಇರಲಿಲ್ಲ. ಬದಲಾದ ಕಾಲದಲ್ಲಿಯೂ ಬದಲಾಗದ ಆ ಬಾಲಾಸ್ವರ, ತಾರಸ್ಥಾಯಿಯ ಮೇಲಣ ಒಲವು, ಚಿತ್ರಸಂಗೀತದಲ್ಲಿ ಒಂದೇ ಕಂಠದ ದೀರ್ಘಪ್ರಭುತ್ವ, ಇವು ಗಂಭೀರ ವಿಮರ್ಶೆಗೂ ಚತುರ ಹಾಸ್ಯಕ್ಕೂ ಸಮಾನವಾಗಿ ವಸ್ತುವಾಗಬಲ್ಲವು. ಹಾಸ್ಯಗಾರನು ಇವುಗಳಲ್ಲಿ ಒಂದನ್ನೂ ಕೇಳಿಸಿಕೊಂಡಂತಿಲ್ಲ. ಭರತಪುತ್ರರ ಪ್ರಹಸನದ ದೋಷವೇ ಇಲ್ಲಿಯೂ ಮರುಕಳಿಸಿದೆ.

ಹಾಗೆಂದು ಋಷಿಶಾಪವನ್ನು ಮರುಕಳಿಸಿದವರು ಸರಿಯೆಂದಾಗುವುದಿಲ್ಲ. ಸತ್ತ್ವವಿಲ್ಲದ ಹಾಸ್ಯಕ್ಕೆ ಪ್ರೇಕ್ಷಕನ ಮೌನವೇ ತಕ್ಕ ದಂಡ. ದೂರು, ನಿಷೇಧಗಳು ಅದಕ್ಕೆ ಸಲ್ಲದ ಗೌರವವನ್ನು ತಂದುಕೊಟ್ಟವು. ಸ್ವಾತಂತ್ರ್ಯದ ಧ್ವಜವನ್ನು ಹಿಡಿಯಲು ಯೋಗ್ಯವಲ್ಲದ ಕೈಗೆ ಧ್ವಜವನ್ನು ಕೊಟ್ಟವು. ಮೇಲಾಗಿ, ಇಂದು ಕೆಟ್ಟ ಅಣಕವನ್ನು ಅಡಗಿಸಲು ಕರೆಸಿಕೊಂಡ ದಂಡಧಾರಿ ನಾಳೆ ಒಳ್ಳೆಯ ಅಣಕದ ಬಾಗಿಲಿಗೂ ಬರುತ್ತಾನೆ. 2022ರಲ್ಲಿ ದಿವಂಗತರಾದ ಲತಾ ಮಂಗೇಶಕರ್ ಅವರು ಅಂದು ತೋರಿದ ಉಪೇಕ್ಷೆಯಲ್ಲಿ, ಅವರ ಪಕ್ಷಪಾತಿಗಳ ಆವೇಶದಲ್ಲಿ ಇಲ್ಲದ ಘನತೆಯಿತ್ತು.

ಹೊರನಾಡಿನ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಾಗಲಿ ವಿಜಯವಾಡದಲ್ಲಾಗಲಿ ನೆಲೆಸಿದ ಕನ್ನಡಿಗನಿಗೆ, ತನ್ನ ತೆಲುಗಿನ ಉಚ್ಚಾರಣೆಗೆ ನೆರೆಯವರು ನಕ್ಕದ್ದು ಗೊತ್ತು. ಆ ನಗೆಯಲ್ಲಿ ಸ್ನೇಹ ಎಷ್ಟು, ತಾತ್ಸಾರ ಎಷ್ಟೆಂದು ಅಳೆಯುವ ಸೂಕ್ಷ್ಮತೆಯೂ ಗೊತ್ತು. ಮೆಹಮೂದರ ಮೇಷ್ಟರನ್ನು ಕಂಡು ಅವನಿಗೆ ನಗೆಯೂ ಬರುತ್ತದೆ, ಎಲ್ಲಿಯೋ ಚುಚ್ಚುತ್ತದೆ. ರಾಜ್ಯೋತ್ಸವದ ರಂಗದ ಮೇಲೆ ಅವನ ಮಕ್ಕಳೇ ಪ್ರಸಿದ್ಧ ಗಾಯಕರನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸುವಾಗ, ಹಿರಿಯರಾದವರು ಕೇಳಬೇಕಾದ ಪ್ರಶ್ನೆ ಒಂದುಂಟು. ಮಗು ಆ ಗಾಯಕನ ಕಂಠವನ್ನು ಕೇಳಿ ಕಲಿತಿದೆಯೋ, ಅವನ ಹೊಟ್ಟೆಯನ್ನೂ ಬೋಳುತಲೆಯನ್ನೂ ಮಾತ್ರ ನೋಡಿದೆಯೋ? ಮೊದಲನೆಯದಾದರೆ ಅಣಕದ ನೆವದಲ್ಲಿ ಒಂದು ಗಾಯನಪದ್ಧತಿ ಮುಂದಿನ ಪೀಳಿಗೆಗೆ ಸಂದಿತು; ತಾಯ್ನುಡಿಯ ಹಾಡು ಬೀದಿಯಲ್ಲಿ ಕಿವಿಗೆ ಬೀಳದ ಊರಿನಲ್ಲಿ ಅದು ಸಣ್ಣ ಲಾಭವಲ್ಲ. ಎರಡನೆಯದಾದರೆ, ಮಗುವನ್ನು ಗದರಿಸದೆ, ಆ ಗಾಯಕನ ಒಂದು ಹಾಡನ್ನು ಪೂರ್ತಿಯಾಗಿ ಕೇಳಿಸಿ ಮತ್ತೊಮ್ಮೆ ರಂಗಕ್ಕೆ ಕಳುಹಿಸುವುದು ಒಳ್ಳೆಯದು.