‘ಕ್ರಮವೇನೆಂದರೆ’: ದಸ್ತಾವೇಜಿನ ಕನ್ನಡ

ಕಳೆದ ತಿಂಗಳು ಸಂಘದ ವಾಚನಾಲಯದಲ್ಲಿ ಹಿರಿಯ ಸದಸ್ಯೆಯೊಬ್ಬರು ಕೆಲವು ಕಾಗದಗಳನ್ನು ನಮ್ಮ ಮುಂದಿಟ್ಟು, “ನೀನು ಸರ್ಕಾರಿ ಕಚೇರಿಯವನಲ್ಲವೇನಪ್ಪಾ, ಇದರಲ್ಲಿ ಏನಿದೆ ಓದಿ ಹೇಳು. ಖಾತೆ ಬದಲಾವಣೆಗಂತೆ, ಬಂದು ರುಜು ಹಾಕಿ ಹೋಗು ಅಂತ ತಮ್ಮ ಕಳಿಸಿದ್ದಾನೆ” ಎಂದರು. ಮೂರು ಹಾಳೆಯ ಪತ್ರ. ಭಾಷೆ ಕನ್ನಡವೇ. ಆದರೆ ಒಂದೂವರೆ ಹಾಳೆಗೆ ಒಂದೇ ವಾಕ್ಯ! ಎರಡು ಸಲ ಓದಿದ ಮೇಲೆ ತಿಳಿಯಿತು, ಅದು ಹಕ್ಕು ಬಿಡುಗಡೆ ಪತ್ರ. ತಂದೆಯ ಜಮೀನಿನಲ್ಲಿ ತಮಗಿರುವ ಪಾಲನ್ನು ಆಕೆ ತಮ್ಮಂದಿರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆಂಬ ಮಾತು ಎರಡನೆಯ ಹಾಳೆಯ ನಡುವೆ ಅಡಗಿ ಕುಳಿತಿತ್ತು.

ಇದು ಸಣ್ಣ ಸಂಗತಿಯಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಇಂಥ ಹಕ್ಕನ್ನು ಬಿಡುವ ಪತ್ರ, ಬಿಡುವವರಿಗೇ ಅರ್ಥವಾಗಬೇಡವೆ?

ಕಥೆ ಕವಿತೆಗಳನ್ನು ಈ ಪುಟಗಳಲ್ಲಿ ವಿಮರ್ಶೆ ಮಾಡುತ್ತೇವೆ. ದಸ್ತಾವೇಜೂ ಒಂದು ಬರಹವೇ. ಕೆಟ್ಟ ಕವಿತೆಯಿಂದ ಯಾರ ಮನೆಯೂ ಹೋಗದು, ಕೆಟ್ಟ ದಸ್ತಾವೇಜಿನಿಂದ ಹೋದೀತು. ಆದ್ದರಿಂದ ಅದನ್ನೂ ವಿಮರ್ಶೆಯ ಕಣ್ಣಿನಿಂದ ನೋಡುವುದು ತಪ್ಪಾಗಲಾರದು.

ಆ ಪತ್ರದ ಮೊದಲ ದೋಷ ಕ್ರಿಯಾಪದದ್ದು. ‘ಬರೆಸಿಕೊಟ್ಟ ಹಕ್ಕು ಬಿಡುಗಡೆ ಪತ್ರದ ಕ್ರಮವೇನೆಂದರೆ’ ಎಂದು ಹೊರಟ ವಾಕ್ಯ ವಂಶಾವಳಿ, ಸರ್ವೆ ನಂಬರು, ಹಳೆಯ ಪಂಚಾಯತಿ ಎಲ್ಲವನ್ನೂ ಸುತ್ತಿ ‘ಬಿಟ್ಟುಕೊಟ್ಟಿರುತ್ತೇನೆ’ ಎಂಬಲ್ಲಿಗೆ ಬರುವಷ್ಟರಲ್ಲಿ ಓದುವವರಿಗೆ ಕರ್ತೃ ಯಾರೆಂಬುದೇ ಮರೆತಿರುತ್ತದೆ. ಎರಡನೆಯದು ‘ಸದರಿ’. ತಮ್ಮಂದಿರು ಇಬ್ಬರು, ಜಮೀನು ಎರಡು; ‘ಸದರಿಯವರು ಸದರಿ ಸ್ವತ್ತನ್ನು’ ಎಂದರೆ ಯಾರು, ಯಾವುದನ್ನು? ನಿಖರತೆಗಾಗಿ ಬಂದ ಪದವೇ ಇಲ್ಲಿ ಗೊಂದಲ ಹುಟ್ಟಿಸಿದೆ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಮುಖ್ಯ ಮಾತು ಇರಬೇಕಾದ ಜಾಗದಲ್ಲಿ ಇಲ್ಲ.

ಹಾಗೆಂದು ಹಳೆಯದೆಲ್ಲ ಹೊಟ್ಟೆಂದು ತೂರುವವರು ನಾವಲ್ಲ. ಅದೇ ಪತ್ರದ ಕೊನೆಯಲ್ಲಿರುವ ಚೆಕ್ಕುಬಂದಿಯನ್ನು ನೋಡಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಕೆರೆಯ ಏರಿ. ನಾಲ್ಕು ಸಾಲು, ನಾಲ್ಕು ದಿಕ್ಕು; ಸಂದೇಹಕ್ಕೆ ಎಡೆಯೇ ಇಲ್ಲ. ನಮ್ಮ ದಾನಶಾಸನಗಳೂ ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು ಎಂದು ಕಲ್ಲಿನ ಮೇಲೆ ಹೀಗೆಯೇ ಹೇಳಿದವು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳಲ್ಲಿ ಒಂದೊಂದು ಪದಕ್ಕೂ ಒಂದೊಂದು ಕೆಲಸವಿತ್ತು. ನೆಲದಲ್ಲಿ ಹೂತ ಧನ ಬೇರೆ, ಹರಿಯುವ ನೀರು ಬೇರೆ, ಮುಂದೆ ಬರಬಹುದಾದ ಆದಾಯ ಬೇರೆ. ಇಂದಿನ ‘ತಂಟೆ ತಕರಾರು ತರಲೆ ತಾಪತ್ರಯ’ಗಳಲ್ಲಿ ಅಂಥ ಕೆಲಸ ಕಾಣುವುದಿಲ್ಲ, ಬರಿಯ ಸದ್ದು ಕೇಳುತ್ತದೆ.

ಕಾನೂನೇ ಹೀಗೆ ಬರೆಯಿಸುತ್ತದೆ ಎಂಬ ಸಮಾಧಾನವನ್ನು ಕೇಳಿದ್ದೇವೆ. ನ್ಯಾಯಾಲಯಕ್ಕೆ ಸಲ್ಲಿಸುವ ಬರಹದ ಮಟ್ಟಿಗಾದರೂ ಅದು ನಿಜವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 2ನೇ ನಿಯಮ ಹೇಳುವುದು ಇದಕ್ಕೆ ವಿರುದ್ಧ: ಮುಖ್ಯ ಸಂಗತಿಗಳನ್ನು ಮಾತ್ರ ಸಂಕ್ಷೇಪವಾಗಿ ಹೇಳಬೇಕು, ಸಾಕ್ಷ್ಯವನ್ನು ತುಂಬಬಾರದು, ಪ್ಯಾರಾಗಳಿಗೆ ಕ್ರಮಸಂಖ್ಯೆ ಇರಬೇಕು, ತಾರೀಖು ಮತ್ತು ಮೊಬಲಗು ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಅದೇ ಸಂಹಿತೆಯ ಅನುಬಂಧದಲ್ಲಿ ಸಾಲದ ದಾವೆಗೆ ಕೊಟ್ಟಿರುವ ಮಾದರಿಯ ತಿರುಳು ಇಷ್ಟೇ: ಇಂಥ ದಿನ ಇಷ್ಟು ಸಾಲ ಕೊಟ್ಟೆ, ಇಂಥ ದಿನ ತೀರಿಸಬೇಕಿತ್ತು, ತೀರಿಸಿಲ್ಲ. 1860ರ ದಂಡ ಸಂಹಿತೆ ಕಳ್ಳತನವೆಂದರೇನೆಂದು ತಿಳಿಸಲು, ಇನ್ನೊಬ್ಬನ ನೆಲದ ಮರವನ್ನು ಅವನ ಒಪ್ಪಿಗೆಯಿಲ್ಲದೆ ಸಾಗಿಸುವ ದುರುದ್ದೇಶದಿಂದ ಕಡಿದವನ ಉದಾಹರಣೆ ಕೊಟ್ಟಿತು. 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉದಾಹರಣೆಗಳನ್ನು ಕೈಬಿಡಲಿಲ್ಲ. ಇನ್ನು ನ್ಯಾಯಾಧೀಶರ ಬರಹಕ್ಕೂ ವಿನಾಯಿತಿಯಿಲ್ಲ. ಹಿಮಾಚಲ ಪ್ರದೇಶದ ಹೈಕೋರ್ಟಿನ ತೀರ್ಪೊಂದು ಅರ್ಥವೇ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2017ರಲ್ಲಿ ಅದನ್ನು ರದ್ದುಗೊಳಿಸಿ ಹಿಂದಕ್ಕೆ ಕಳುಹಿಸಿತು.

ಸ್ಪಷ್ಟವಾಗಿ ಬರೆದರೆ ಒಪ್ಪಿಸುವ ಬಲ ಕಡಿಮೆಯಾಗುತ್ತದೆಂಬ ಭಯವೂ ಕೆಲವರಿಗಿದೆ. ಗುಮಾಸ್ತರಾದ ನಮ್ಮ ಅನುಭವ ಬೇರೆ. ನಾಲ್ಕು ಪುಟ ಕಷ್ಟ ತೋಡಿಕೊಂಡು ಆದೇಶದ ಸಂಖ್ಯೆಯನ್ನೇ ಬರೆಯದ ಅರ್ಜಿ ಕಡತದಲ್ಲಿ ಮಲಗುತ್ತದೆ; ಕೇಳುವುದೇನು, ಯಾವ ದಿನದ ಯಾವ ಆದೇಶದ ಮೇಲೆ ಎಂದು ಆರು ಸಾಲಿನಲ್ಲಿ ಹೇಳಿದ ಅರ್ಜಿ ಮೇಲಕ್ಕೆ ಹೋಗುತ್ತದೆ. ಮೇಲಿನವರ ಮನಸ್ಸು ಕಲ್ಲೆಂದಲ್ಲ. ಯಾವುದರ ಮೇಲೆ ರುಜು ಹಾಕುತ್ತಿದ್ದೇವೆಂದು ಅವರಿಗೂ ತಿಳಿಯಬೇಕು. ತಾರೀಖುಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಅರ್ಧ ವಾದ ತಾನಾಗಿಯೇ ನಡೆಯುತ್ತದೆ.

ಆ ದಿನ ನಾವು ಪತ್ರದ ಸಾರವನ್ನು ಐದು ಸಾಲಿನಲ್ಲಿ ಬರೆದು ಆ ತಾಯಿಯ ಕೈಗಿತ್ತೆವು. ‘ನನ್ನ ಪಾಲನ್ನು ಬಿಟ್ಟುಕೊಡುತ್ತಿದ್ದೇನೆ’ ಎಂಬುದೇ ಮೊದಲ ಸಾಲು. ವಕೀಲರೊಬ್ಬರನ್ನು ಕಂಡು ಮುಂದುವರಿಯಿರಿ ಎಂದೂ ಹೇಳಿದೆವು. ಆಕೆ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಡಬಾರದು ಅಂತಲ್ಲಪ್ಪಾ, ಒಡಹುಟ್ಟಿದವರು. ಆದರೆ ಕೊಡೋದಾದರೆ ಗೊತ್ತಿದ್ದು ಕೊಡ್ತೀನಿ” ಎಂದರು.

ದಸ್ತಾವೇಜು ಬರೆಯುವವರಿಂದ ನಾವು ಬೇಡುವುದೂ ಅಷ್ಟೇ. ರುಜು ಮಾಡುವವರು ಗೊತ್ತಿದ್ದು ಮಾಡುವಂತಿರಲಿ.